ಮೈಕ್ರೋವೇವ್ ಓವನ್‌ಗೆ ಎಷ್ಟು ಸಲ ಫ್ಯೂಸ್ ಹಾಕಿದರೂ ಹಾರುವುದೇಕೆ?

ಮುಂಬೈ ಬಳಿಯ ಡೊಂಬಿವಲಿಯ ನಿಮ್ಮ ಮನೆಯ ಓವನ್‌ನಲ್ಲಿ ಬಾಗಿಲು ತೆರೆದ ಕ್ಷಣಕ್ಕೇ ಫ್ಯೂಸ್ ಹಾರುತ್ತದೆ ಎಂದಿದ್ದೀರಿ. ಹಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಬಾಗಿಲಿನ ಸ್ವಿಚ್‌ಗಳನ್ನು.

ಬಾಗಿಲ ಕೊಂಡಿಯ ಹಿಂದೆ ಸಾಮಾನ್ಯವಾಗಿ ಮೂರು ಪುಟ್ಟ ಸ್ವಿಚ್‌ಗಳಿರುತ್ತವೆ. ಬಾಗಿಲು ತೆರೆದಾಗ ಕರೆಂಟ್ ಕಡಿಯುವುದು ಎರಡರ ಕೆಲಸ. ಮೂರನೆಯದು ಕಾವಲಿಗೆ. ಕರೆಂಟ್ ಕಡಿಯಬೇಕಾದ ಸ್ವಿಚ್ ಒಳಗೇ ಕರಗಿ ಅಂಟಿಕೊಂಡಿದ್ದರೆ, ಈ ಕಾವಲು ಸ್ವಿಚ್ ಬೇಕೆಂದೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ. ತೆರೆದ ಬಾಗಿಲಿನಿಂದ ಮೈಕ್ರೋವೇವ್ ಅಲೆಗಳು ನಿಮ್ಮ ಮೇಲೆ ಬೀಳದಿರಲಿ ಎಂದೇ ಈ ಏರ್ಪಾಡು. ಆದ್ದರಿಂದ ದಪ್ಪ ತಂತಿ ಸುತ್ತುವುದಾಗಲಿ, ಹೆಚ್ಚು ಆಂಪಿಯರ್‌ನ ಫ್ಯೂಸ್ ಹಾಕುವುದಾಗಲಿ ದಯವಿಟ್ಟು ಬೇಡ.

ಸ್ಟಾರ್ಟ್ ಒತ್ತಿ, ಗುಂಯ್ ಎಂದು ಸದ್ದಾದ ಮೇಲೆ ಫ್ಯೂಸ್ ಹಾರಿದರೆ, ಒಳಗೆ ಹೆಚ್ಚಿನ ವೋಲ್ಟೇಜ್ ಒದಗಿಸುವ ಭಾಗಗಳಾದ ಕೆಪಾಸಿಟರ್ (ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗ), ಡಯೋಡ್ ಅಥವಾ ಟ್ರಾನ್ಸ್‌ಫಾರ್ಮರ್ ಕೆಟ್ಟಿರಬಹುದು.

ಯಾವುದೇ ಆದರೂ ಕವಚವನ್ನು ನೀವೇ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 2,000 ವೋಲ್ಟ್‌ ಇರುತ್ತದೆ; ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಜೀವ ತೆಗೆಯುವಷ್ಟು. ಮುಂಬೈಯಲ್ಲಿ ಮನೆಗೇ ಬರುವ ರಿಪೇರಿಯವರು ಸಿಗುತ್ತಾರೆ. ಬರೀ ಫ್ಯೂಸ್ ಬದಲಿಸಿ ಹೊರಡಲು ಬಿಡದೆ, ಮೂರೂ ಸ್ವಿಚ್ ಹೊಸದು ಹಾಕಿಸಿ. ಶಾರ್ಟ್‌ನ ಹೊಡೆತ ತಿಂದ ಕಾವಲು ಸ್ವಿಚ್ಚನ್ನು ಮತ್ತೆ ನಂಬುವಂತಿಲ್ಲ.