ಕೆಸರಲ್ಲಿ ಶಾರ್ಟ್ ಪಾಸ್ ಆಡಿಸಬೇಕಾ?

ಪ್ರಶ್ನೆ: ಸರ್, ಎರಡು ವರ್ಷದಿಂದ ಇಲ್ಲಿನ ಒಂದು ಕಾಲೇಜು ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದೇನೆ. ಗೋಲ್‌ಕೀಪರ್‌ನಿಂದಲೇ ಸಣ್ಣ ಸಣ್ಣ ಪಾಸ್ ಕೊಟ್ಟು ಮುಂದೆ ಹೋಗುವ ಆಟ ಕಲಿಸಿದ್ದೇನೆ. ಕಳೆದ ಮಳೆಗಾಲದಲ್ಲಿ ನೆಹರೂ ಮೈದಾನದಲ್ಲಿ ಸೆಮಿಫೈನಲ್ ಆಡಿ 0-3ರಿಂದ ಸೋತೆವು. ಎದುರಿನವರು ಒಬ್ಬ ಎತ್ತರದ ಸ್ಟ್ರೈಕರ್‌ಗೆ ಉದ್ದಕ್ಕೆ ಬಾಲ್ ಹೊಡೆದರು, ಅಷ್ಟೇ. 'ಎದುರಾಳಿಯನ್ನು ನೋಡಿ ಪ್ಲಾನ್ ಮಾಡು ಮಾರಾಯ' ಅಂತ ಹಳೇ ಆಟಗಾರರು ಬೈಯುತ್ತಾರೆ. ಹುಡುಗರು 'ನಮ್ಮ ಆಟ ಬಿಡುವುದು ಬೇಡ' ಅನ್ನುತ್ತಾರೆ. ಎಂತ ಮಾಡುವುದು?
– ಒಬ್ಬ ಕೋಚ್, ಮಂಗಳೂರು

ಉತ್ತರ: ವಾರಕ್ಕೆ ಎಷ್ಟು ದಿನ ಪ್ರಾಕ್ಟೀಸ್ ಮಾಡಿಸುತ್ತೀರಿ? ಕಾಲೇಜು ತಂಡಕ್ಕೆ ಮೂರು ಸಂಜೆ ಸಿಕ್ಕರೆ ಜಾಸ್ತಿ. ಅದರಲ್ಲೂ ಒಂದು ದಿನ ಇಂಟರ್ನಲ್ಸ್, ಇನ್ನೊಂದು ದಿನ ಜಡಿಮಳೆ. ಇಷ್ಟರಲ್ಲಿ ಒಂದೊಂದು ತಂಡಕ್ಕೆ ಒಂದೊಂದು ಆಟ ಕಲಿಸಲು ಹೊರಟರೆ ಹುಡುಗರಿಗೆ ಯಾವುದೂ ಬರುವುದಿಲ್ಲ. ಹಾಗಾಗಿ ನಿಮ್ಮದೇ ಒಂದು ಆಟ ಇರಲೇಬೇಕು. ಇಷ್ಟರ ಮಟ್ಟಿಗೆ ನಾನು ಹುಡುಗರ ಪಕ್ಷ.

ಆದರೆ ನಮ್ಮ ಆಟ ನಮಗೆ ಅಂತ ಎದುರಾಳಿಯನ್ನು ನೋಡದೇ ಇರುವುದಿದೆಯಲ್ಲ, ಅದಕ್ಕೆ ಫಿಲಾಸಫಿ ಅಂತ ಹೆಸರಿಡಬೇಡಿ. ಅದು ಸೋಮಾರಿತನ. ಮಾರ್ಸೆಲೋ ಬಿಯೆಲ್ಸಾ ಹೆಸರು ಕೇಳಿರುತ್ತೀರಿ. ತನ್ನ ಆಟ ಬಿಡದ ಹಟಮಾರಿ ಅಂತಲೇ ಹೆಸರು. 2019ರ ಜನವರಿಯಲ್ಲಿ ಅವರು ಇಂಗ್ಲೆಂಡಿನ ಲೀಡ್ಸ್ ತಂಡದ ಕೋಚ್ ಆಗಿದ್ದಾಗ, ಡರ್ಬಿ ತಂಡದ ಪ್ರಾಕ್ಟೀಸ್ ಕದ್ದು ನೋಡಲು ಜನ ಕಳಿಸಿ ಸಿಕ್ಕಿಬಿದ್ದರು. ಲೀಡ್ಸ್‌ಗೆ 2 ಲಕ್ಷ ಪೌಂಡ್ ದಂಡ ಬಿತ್ತು. ದಂಡ ಬೀಳುವ ಮೊದಲೇ ಬಿಯೆಲ್ಸಾ ಪತ್ರಕರ್ತರನ್ನು ಕರೆದು, ಡರ್ಬಿ ಹಿಂದಿನ ಸೀಸನ್‌ನಲ್ಲಿ ಆಡಿದ 51 ಮ್ಯಾಚನ್ನೂ ನೋಡಿದ್ದೇವೆ ಅಂತ ಪರದೆ ಮೇಲೆ ತೋರಿಸಿದರು. ತಮಾಷೆ ಏನು ಗೊತ್ತಾ? ಅದೇ ವರ್ಷ ಮೇ ತಿಂಗಳಲ್ಲಿ ಪ್ಲೇ-ಆಫ್ ಸೆಮಿಫೈನಲ್‌ನಲ್ಲಿ ಲೀಡ್ಸ್ ಸೋತದ್ದು ಅದೇ ಡರ್ಬಿಗೆ!

ಹಾಗಾದರೆ ಎದುರಾಳಿಗಾಗಿ ಎಷ್ಟು ಬದಲಾಯಿಸಬೇಕು? ಪೆಪ್ ಗಾರ್ಡಿಯೋಲಾ ಅವರ ಎರಡು ಮ್ಯಾಚ್ ನೋಡಿ. 2009ರ ಮೇ 2ರಂದು ಅವರು ಕೋಚ್ ಆಗಿದ್ದ ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್‌ಗೆ ಅವರ ಮನೆಯಲ್ಲೇ 6-2ರಿಂದ ಹೊಡೆಯಿತು. ಮ್ಯಾಡ್ರಿಡ್‌ನ ಮಿಡ್‌ಫೀಲ್ಡ್‌ಗೂ ಸೆಂಟರ್ ಬ್ಯಾಕ್‌ಗಳಿಗೂ ನಡುವೆ ಜಾಗ ಬಿಡುತ್ತಾರೆ ಅಂತ ಪೆಪ್ ಮೊದಲೇ ಕಂಡುಕೊಂಡಿದ್ದರು. ಬಲಗಡೆ ಇದ್ದ ಮೆಸ್ಸಿಯನ್ನು ನಡುವಿಗೆ ತಂದು ಆ ಜಾಗದಲ್ಲಿ ಬಿಟ್ಟರು, ನಡುವಿನಲ್ಲಿ ಆಡುತ್ತಿದ್ದ ಸ್ಟ್ರೈಕರ್ ಎಟೊ ಬಲಗಡೆ ಹೋದರು. ಬದಲಾದದ್ದು ಇಬ್ಬರ ಜಾಗ. ಉಳಿದವರು ವರ್ಷವಿಡೀ ಆಡಿದ್ದನ್ನೇ ಆಡಿದರು.

ಇನ್ನು 2021ರ ಚಾಂಪಿಯನ್ಸ್ ಲೀಗ್ ಫೈನಲ್. ಎದುರಿಗೆ ಚೆಲ್ಸಿ. ಅಷ್ಟರಲ್ಲಾಗಲೇ ಆರು ವಾರದೊಳಗೆ ಎರಡು ಸಲ ಅವರ ಕೈಲಿ ಪೆಪ್ ಆಗ ಕೋಚ್ ಆಗಿದ್ದ ಮ್ಯಾಂಚೆಸ್ಟರ್ ಸಿಟಿ ಸೋತಿತ್ತು. ಪೆಪ್ ಈ ಸಲ ರೋಡ್ರಿಯನ್ನೂ ಫರ್ನಾಂಡಿನ್ಯೋ ಅವರನ್ನೂ ಹೊರಗೆ ಕೂರಿಸಿ ಆಟ ಶುರು ಮಾಡಿದರು. ಡಿಫೆನ್ಸ್ ಮುಂದೆ ಕಾವಲು ನಿಲ್ಲುತ್ತಿದ್ದವರೇ ಇವರಿಬ್ಬರು. 0-1ರಿಂದ ಸೋತರು. ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಚೆಲ್ಸಿ ಚೆನ್ನಾಗಿಯೇ ಆಡಿತ್ತು. ಆದರೆ ಮನೆಯ ಕಂಬವನ್ನೇ ತೆಗೆದು ನೋಡುವುದಕ್ಕೆ ಫೈನಲ್ ದಿನವೇ ಬೇಕಿತ್ತಾ?

ವೇಷ ಇಲ್ಲದೆ ಕೂತು ಮಾತಲ್ಲೇ ಪ್ರಸಂಗ ನಡೆಸುವ ನಮ್ಮ ತಾಳಮದ್ದಳೆ ಕೇಳಿದವರಿಗೆ ಇದು ಹೊಸತಲ್ಲ. ಭಾಗವತರ ಪದ್ಯ ಅದೇ, ಪ್ರಸಂಗವೂ ಅದೇ. ಆದರೆ ಎದುರು ಕೃಷ್ಣನಾಗಿ ಕೂತವರು ಯಾರು ಅಂತ ನೋಡಿಕೊಂಡು ಕೌರವನ ಮಾತು ತಿರುಗುತ್ತದೆ. ಎದುರಿನವರ ಮಾತಿಗೆ ಕಿವಿ ಕೊಡದೆ ಬಾಯಿಪಾಠ ಒಪ್ಪಿಸಿದರೆ ಸಭೆ ಆಕಳಿಸುತ್ತದೆ.

ಈಗ ಆ ಎತ್ತರದ ಸ್ಟ್ರೈಕರ್ ವಿಷಯ. ಅವನ ಜೊತೆ ಹಾರಿ ಗೆಲ್ಲುವ ಹುಡುಗ ನಿಮ್ಮಲ್ಲಿಲ್ಲ ಅಲ್ವಾ? ಹಾಗಾದರೆ ಬಾಲ್ ಹೊಡೆಯುವವನ ಮೈಮೇಲೆ ಬೀಳಿ, ಅವನಿಗೆ ತಲೆ ಎತ್ತಿ ನೋಡಲು ಬಿಡಬೇಡಿ. ಒಬ್ಬ ಬ್ಯಾಕ್ ಸ್ಟ್ರೈಕರ್‌ನ ಮುಂದೆ ನಿಲ್ಲಲಿ, ಇನ್ನೊಬ್ಬ ಹಿಂದೆ. ಅವನ ತಲೆಗೆ ತಾಗಿ ಬಿದ್ದ ಬಾಲ್ ಎತ್ತಿಕೊಳ್ಳಲು ಒಬ್ಬ ಮಿಡ್‌ಫೀಲ್ಡರ್ ಕಾದಿರಲಿ. ಇಷ್ಟನ್ನು ಒಂದೇ ಸಂಜೆ ಅಭ್ಯಾಸ ಮಾಡಿಸಬಹುದು. ಇದಕ್ಕಿಂತ ಜಾಸ್ತಿ ಹೇಳಬೇಡಿ, ಕಿಕ್‌ಆಫ್ ಹೊತ್ತಿಗೆ ಹುಡುಗರಿಗೆ ಮರೆತೇ ಹೋಗುತ್ತದೆ.

ನನ್ನ ಅಂದಾಜಿನಲ್ಲಿ ನಿಮ್ಮನ್ನು ಸೋಲಿಸಿದ್ದು ಅವನಿಗಿಂತ ಜಾಸ್ತಿ ಕೆಸರು. ಜುಲೈಯಲ್ಲಿ ಗೋಲ್ ಮುಂದಿನ ಜಾಗ ಗದ್ದೆಯ ಹಾಗಿರುತ್ತದೆ. ಅಲ್ಲಿ ನೆಲದ ಮೇಲೆ ಪಾಸ್ ಕೊಟ್ಟರೆ ಬಾಲ್ ಅರ್ಧದಲ್ಲೇ ನಿಲ್ಲುತ್ತದೆ, ಎದುರಿನವನಿಗೆ ಉಡುಗೊರೆ ಕೊಟ್ಟ ಹಾಗೆ. ಬದಿಯಲ್ಲಿ ಮಾತ್ರ ಸ್ವಲ್ಪ ಹುಲ್ಲು ಉಳಿದಿರುತ್ತದೆ. ಬೆಳಿಗ್ಗೆಯೇ ಹೋಗಿ ಮೈದಾನಕ್ಕೆ ಒಂದು ಸುತ್ತು ಹಾಕಿ. ಒದ್ದೆ ಜಾಸ್ತಿ ಇದ್ದರೆ ಗೋಲ್‌ಕೀಪರ್ ಸೀದಾ ಬದಿಗೆ ಎತ್ತಿ ಹೊಡೆಯಲಿ. ಬಿದ್ದ ಬಾಲನ್ನು ಗೆದ್ದು, ನಿಮ್ಮ ಸಣ್ಣ ಪಾಸನ್ನು ಅಲ್ಲಿಂದ, ಅವರ ಅರ್ಧದಲ್ಲಿ ಶುರು ಮಾಡಿ.

ಹುಡುಗರು ಮುಖ ಊದಿಸಿದರೆ ಟಾಟೆನ್‌ಹ್ಯಾಮ್ ಕೋಚ್ ಆಗಿದ್ದ ಪೋಸ್ಟೆಕೊಗ್ಲು ಕತೆ ಹೇಳಿ. 2023ರ ನವೆಂಬರ್‌ನಲ್ಲಿ ಚೆಲ್ಸಿ ವಿರುದ್ಧ ಒಂಬತ್ತೇ ಜನ ಉಳಿದರೂ ಡಿಫೆನ್ಸ್ ಲೈನನ್ನು ಹಿಂದಕ್ಕೆ ತಾರದೆ ಮುಂದೆಯೇ ಇಟ್ಟು 1-4ರಿಂದ ಸೋತವರು ಅವರು. ಅದೇ ಮನುಷ್ಯ 2025ರ ಯುರೋಪಾ ಲೀಗ್ ಫೈನಲ್‌ನಲ್ಲಿ ಒಂದು ಗೋಲ್ ಸಿಕ್ಕಿದ ಮೇಲೆ ತಂಡವನ್ನು ಹಿಂದೆ ಕೂರಿಸಿ, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1-0ರಿಂದ ಕಪ್ ಎತ್ತಿದರು.

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಎದುರಿನ ತಂಡದ ಒಳ್ಳೆ ಆಟಗಾರನ ಹಿಂದೆಯೇ ಇರು ಅಂತ ಕೋಚ್ ಹೇಳುತ್ತಾರೆ. ಇಡೀ ಮ್ಯಾಚಿನಲ್ಲಿ ಇವನಿಗೆ ಬಾಲೇ ಸಿಗುವುದಿಲ್ಲ. ಇದು ಸರಿಯಾ?
– ಒಬ್ಬ ತಾಯಿ, ಉಡುಪಿ

ಉತ್ತರ: ಸರಿಯಲ್ಲಮ್ಮಾ. ಈ ವಯಸ್ಸಲ್ಲಿ ಕಾಲಿಗೆ ಬಾಲ್ ಸಿಗಬೇಕು, ತಪ್ಪಬೇಕು, ಮತ್ತೆ ಸಿಗಬೇಕು. ಎದುರಾಳಿಯನ್ನು ಕಟ್ಟಿಹಾಕುವ ಪ್ಲಾನ್ ಎಲ್ಲ ಆಮೇಲೆ ಕಲಿತರಾಯಿತು. ಪ್ರಾಕ್ಟೀಸಿನಲ್ಲಾದರೂ ಐದೈದು ಮಕ್ಕಳ ಆಟ ಜಾಸ್ತಿ ಆಡಿಸಿ ಅಂತ ಕೋಚ್‌ಗೆ ಹೇಳಿ ನೋಡಿ. ಆದರೆ ಮ್ಯಾಚ್ ನಡೆಯುವಾಗ ಗೆರೆ ಹತ್ತಿರ ನಿಂತು ಹೇಳಬೇಡಿ. ಸಂಜೆ, ಮಗ ಬ್ಯಾಗ್ ಕಟ್ಟುತ್ತಿರುವಾಗ ಕೋಚ್ ಅವರನ್ನು ಪಕ್ಕಕ್ಕೆ ಕರೆದು ಮಾತಾಡಿ.