ಟ್ರಿನಿಡಾಡ್‌ಗೆ ಹೋಗೋ ಹುಡುಗ್ರೇ, ವಾಪಸ್ ಬರೋದನ್ನೂ ಯೋಚನೆ ಮಾಡಿದೀರಾ?

ವೆಸ್ಟ್ ಇಂಡೀಸ್ ಕಡೆಯ ಈ ದ್ವೀಪದಲ್ಲಿ ಕಾರ್ನಿವಲ್ ಹಬ್ಬದ ಸೀಸನ್ ಹತ್ರ ಬಂತಂದ್ರೆ ಸಾಕು, ಇದೇ ಪ್ರಶ್ನೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೀತೀನಿ, ಆಮೇಲೆ ಕೇಳ್ಬೇಡಿ.

ಪ್ರಶ್ನೆ: ಡಾಕ್ಟ್ರೇ, ಡಿಗ್ರಿ ಮುಗೀತು, ಒಂದು ವರ್ಷ ಗ್ಯಾಪ್ ತಗೊಂಡಿದೀನಿ. ಫ್ರೆಂಡ್ಸ್ ಜೊತೆ ಟ್ರಿನಿಡಾಡ್‌ನಲ್ಲಿ ಎರಡು ತಿಂಗಳು ಇರೋ ಪ್ಲಾನು. ಯೆಲ್ಲೋ ಫೀವರ್ (ಹಳದಿ ಜ್ವರ) ಇಂಜೆಕ್ಷನ್ ಬೇಕಾಗಲ್ಲ ಅಂತ ಏಜೆಂಟ್ ಹೇಳ್ತಾರೆ, ನಿಜಾನಾ? (ದಾವಣಗೆರೆ)

ಉತ್ತರ: ಅರ್ಧ ನಿಜ, ಆ ಅರ್ಧಾನೇ ನಿಮ್ಮನ್ನ ಸಿಕ್ಕಿಸೋದು. ಇಂಡಿಯಾದಿಂದ ಸೀದಾ ಹೋದ್ರೆ ಟ್ರಿನಿಡಾಡ್‌ನೋರು ಇಂಜೆಕ್ಷನ್ ಹಾಕಿಸ್ಕೊಂಡ ಸರ್ಟಿಫಿಕೇಟ್ ಕಾರ್ಡ್ ಕೇಳಲ್ಲ, ಯಾಕಂದ್ರೆ ನಮ್ಮಲ್ಲಿ ಆ ಜ್ವರ ಇಲ್ಲ. ಕೇಳೋರು ನಮ್ಮೋರು, ನೀವು ವಾಪಸ್ ಬಂದಾಗ. ಅಲ್ಲಿಂದ ಹೊರಟು ಆರು ದಿನದೊಳಗೆ ಕಾರ್ಡ್ ಇಲ್ದೆ ಇಲ್ಲಿ ಇಳಿದ್ರೆ ಏರ್‌ಪೋರ್ಟ್ ಹೆಲ್ತ್‌ನೋರು ಕ್ವಾರಂಟೈನ್‌ಗೆ ಕಳಿಸ್ತಾರೆ. ಸುಮ್ನೆ ಸತಾಯಿಸೋಕಲ್ಲ ಇದು, ನಮ್ಮ ಮನೆ ಹೂಕುಂಡದ ತಟ್ಟೇಲಿ ಮೊಟ್ಟೆ ಇಟ್ಟು ಡೆಂಗಿ ಹರಡೋ ಈಡಿಸ್ ಸೊಳ್ಳೆ ಇದೆಯಲ್ಲ ಅದೇ ಸೊಳ್ಳೆ ಈ ಜ್ವರಾನೂ ಹರಡತ್ತೆ, ಸೊಳ್ಳೆ ರೆಡಿ ಇದೆ ವೈರಸ್ ಒಂದು ಬಂದಿಲ್ಲ ಅಷ್ಟೇ. ಟ್ರಿನಿಡಾಡ್ ಕಾಡಲ್ಲಿ ಹೌಲರ್ ಕೋತಿಗಳು ಸತ್ತು ಬಿದ್ರೆ ಅಲ್ಲಿನ ಆರೋಗ್ಯ ಇಲಾಖೆ ಎಚ್ಚೆತ್ಕೊಳ್ಳತ್ತೆ, ಜ್ವರ ಮೊದಲು ಹೊಡೆಯೋದು ಅವನ್ನೇ.

ಇಂಜೆಕ್ಷನ್ ಒಂದೇ ಸಲ, 2016ರಿಂದ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯತ್ತೆ. ಆದ್ರೆ ಹಾಕಿಸ್ಕೊಂಡು ಹತ್ತು ದಿನ ಆದ್ಮೇಲೇ ಅದು ವ್ಯಾಲಿಡ್. ಸರ್ಕಾರ ಒಪ್ಪಿದ ಸೆಂಟರಲ್ಲೇ ಹಾಕಿಸ್ಬೇಕು, ಒಂದು ವಯಲ್ (ಹಲವರಿಗೆ ಆಗೋ ಲಸಿಕೆ ಬಾಟ್ಲಿ) ತೆರೆದ್ರೆ ಕೆಲವೇ ಗಂಟೇಲಿ ಮುಗಿಸ್ಬೇಕಾಗಿರೋದ್ರಿಂದ ಎಷ್ಟೋ ಕಡೆ ದಿನಾ ಹಾಕಲ್ಲ, ಹಾಗಾಗಿ ಟಿಕೆಟ್ ಹಿಂದಿನ ವಾರ ಓಡಿ ಬರ್ಬೇಡಿ. ಮೊಟ್ಟೆ ಅಲರ್ಜಿ ಇದ್ರೆ, ಸ್ಟಿರಾಯ್ಡ್ ತಗೋತಿದ್ರೆ ಮೊದಲೇ ಬಾಯಿಬಿಟ್ಟು ಹೇಳಿ, ಇದು ಜೀವಂತ ವೈರಸ್‌ನ ಲಸಿಕೆ.

ಇನ್ನು ವಾಟ್ಸಾಪಲ್ಲಿ ಕಾರ್ಡ್ ಮಾರೋ ಕಳ್ಳರು. ಮೊನ್ನೆ ಒಬ್ಬ ಹುಡುಗ ಅಂಥದ್ದೊಂದು ತಂದಿದ್ದ, ಸೀಲು ಸಹಿ ಎಲ್ಲಾ ಜೋರಾಗೇ ಇತ್ತು, ಆದ್ರೆ ಇಂಜೆಕ್ಷನ್ ಡೇಟೂ ವ್ಯಾಲಿಡ್ ಆಗೋ ಡೇಟೂ ಒಂದೇ. ಹತ್ತು ದಿನದ ಲೆಕ್ಕಾನೂ ಗೊತ್ತಿಲ್ಲದೋನು ಮಾಡಿದ ಕಾರ್ಡು! ಹರಿದು ಬುಟ್ಟಿಗೆ ಹಾಕಿ ಅಂದೆ.

ಪಕ್ಕದ ಟೊಬೇಗೋ ದ್ವೀಪದಲ್ಲಿ ಮಾತ್ರ ಇರ್ತೀವಿ, ಆಗ? ಟೊಬೇಗೋಲಿ ಆ ಜ್ವರದ ರಿಸ್ಕ್ ಇಲ್ಲ, ನಿಜ. ಆದ್ರೆ ಟ್ರಿನಿಡಾಡ್‌ನ ಪಿಯಾರ್ಕೋ ಏರ್‌ಪೋರ್ಟ್ ಮೇಲೆ ಬಂದೋರು ಇಮಿಗ್ರೇಶನ್ ಕೌಂಟರಲ್ಲಿ ಭೂಗೋಳ ಪಾಠ ಮಾಡೋಕಾಗತ್ತಾ? ಹಾಕಿಸ್ಕೊಳ್ಳಿ.

ಕಾಮಾಲೆಗೆ ಕೊಡೋ ನಾಟಿ ಔಷಧಿ ಇದಕ್ಕೂ ನಡೆಯತ್ತಂತೆ? ಹೆಸರಲ್ಲಿ ಹಳದಿ ಇದ್ದಿದ್ದಕ್ಕೆ ಎಲ್ಲಾ ಒಂದೇ ಆಗ್ಬಿಡತ್ತಾ? ಬುರುಡೆ ಅದು.

ವೀಸಾ ಬೇಡ್ವಲ್ಲ, ನ್ಯೂಯಾರ್ಕ್ ಮೇಲೆ ಚೀಪ್ ಟಿಕೆಟ್ ತಗೊಳ್ಳಾ? ಬರೀ ವಿಮಾನ ಬದಲಾಯಿಸೋಕೂ ಅಮೆರಿಕಾ ವೀಸಾ ಬೇಕು.

ಸಸ್ಯಾಹಾರಿಗಳಿಗೆ ಊಟ? ಬೀದಿಬೀದೀಲಿ ಡಬಲ್ಸ್ ಸಿಗತ್ತೆ, ಎರಡು ಮೆತ್ತನೆ ಬರಾ (ಎಣ್ಣೇಲಿ ಕರಿದ ರೊಟ್ಟಿ) ಮಧ್ಯೆ ಕಡಲೆಕಾಳಿನ ಪಲ್ಯ. ಪೆಪ್ಪರ್ (ಖಾರದ ಸಾಸ್) ಮಾತ್ರ ‘ಸ್ಲೈಟ್’, ಅಂದ್ರೆ ಸ್ವಲ್ಪ, ಅಂತ ಹೇಳಿ, ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದಿದೀನಿ ಅನ್ನೋ ಜಂಬ ಅಲ್ಲಿ ನಡೆಯಲ್ಲ.