ಭೂಪ್ ಹಾಡ್ತೀರಿ, ಸರಿ. ದೇಶಕಾರ್ ಹೇಗೆ ಬೇರೆ?

ಪ್ರಶ್ನೆ: ನನಗೆ 24 ವರ್ಷ. ಬಿಕಾಂ ಮುಗಿಸಿ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಪ್ರತಿ ಭಾನುವಾರ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದು ಗುರುಗಳ ಹತ್ತಿರ ಹಿಂದೂಸ್ತಾನಿ ಗಾಯನ ಕಲಿಯುತ್ತೇನೆ. ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಪರೀಕ್ಷೆ ಆಗಿದೆ. ಸಂಗೀತದಲ್ಲಿ ಎಂಎ ಮಾಡಿ ಟೀಚರ್ ಆಗಬೇಕೆಂಬ ಆಸೆ. 'ಹಾಡೋಕೆ ಬರ್ತದಲ್ಲ, ಮತ್ತೆ ಎರಡು ವರ್ಷ ಯಾಕೆ?' ಅಂತಾರೆ ಅಪ್ಪ. ಗುರುಗಳು ಏನೂ ಹೇಳುವುದಿಲ್ಲ. ಏನು ಮಾಡಲಿ?
– ಓದುಗಿ, ಕುಮಟಾ

ಉತ್ತರ: ತಂಗೀ, ನಿಮ್ಮ ಅಪ್ಪನ ಪ್ರಶ್ನೆಯನ್ನೇ ನಮ್ಮಪ್ಪನೂ ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಟ್ರಂಕು ಹಿಡಿದು ಮುಂಡಗೋಡ ಹಾದಿಯ ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದು ಧಾರವಾಡ ಸೇರಿದೆ. ಉತ್ತರ ಸಿಕ್ಕಿದ್ದು ಮೊದಲ ಪ್ರಾಯೋಗಿಕ ಪರೀಕ್ಷೆಯ ದಿನ.

ಭೂಪ್ ರಾಗ ಹಾಡಿದೆ. ಚೆನ್ನಾಗಿಯೇ ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ದೇಶಕಾರ್‌ಗೂ ಇದೇ ಐದು ಸ್ವರ ಅಲ್ವಾ? ಹಾಗಾದರೆ ನೀವು ಹಾಡಿದ್ದು ದೇಶಕಾರ್ ಯಾಕಲ್ಲ?" ಅಂದರು. ನಾನು ಬಾಯಿ ಬಿಡಲಿಲ್ಲ. ಎರಡನ್ನೂ ಹಾಡಲು ಬರುತ್ತಿತ್ತು. ಭೂಪ್ ಗಾಂಧಾರದ (ಗ) ಮೇಲೆ ನಿಲ್ಲುತ್ತದೆ, ಸಪ್ತಕದ ಕೆಳಗಿನ ಅರ್ಧದಲ್ಲಿ ಓಡಾಡುತ್ತದೆ, ಸಂಜೆ ಕತ್ತಲಾದ ಮೇಲಿನ ರಾಗ. ದೇಶಕಾರ್‌ಗೆ ಧೈವತವೇ (ಧ) ಯಜಮಾನ, ರಿಷಭ (ರಿ) ತೀರಾ ತೆಳು, ಮೇಲಿನ ಷಡ್ಜದ (ಸಾ) ಸುತ್ತ ಆಟ, ಬೆಳಗಿನ ರಾಗ. ಇಷ್ಟು ಹೇಳಿದ್ದರೆ ಸಾಕಿತ್ತು. ಗಂಟಲಿಗೆ ಗೊತ್ತಿದ್ದದ್ದು ನಾಲಿಗೆಗೆ ಗೊತ್ತಿರಲಿಲ್ಲ. ಎಂಎ ಕಲಿಸುವುದು ಮುಖ್ಯವಾಗಿ ಅದನ್ನೇ. ಹಾಡಲು ಕಲಿಸುವುದು ಗುರುಗಳೇ, ಅದನ್ನು ಎರಡು ವರ್ಷದ ನಾಲ್ಕು ಸೆಮಿಸ್ಟರ್ ಮಾಡಲಾರವು. ಹಾಗಾಗಿ ಧಾರವಾಡಕ್ಕೆ ಹೋದರೂ ಭಾನುವಾರದ ಬಸ್ಸು ತಪ್ಪಿಸಬೇಡಿ.

ಈಗ ನೌಕರಿ ವಿಷಯ. ಕಾಲೇಜಿನಲ್ಲಿ ಪಾಠ ಮಾಡಬೇಕೆಂದಿದ್ದರೆ ಎಂಎಯಲ್ಲಿ ಶೇ. 55 ಅಂಕ ಬೇಕು, ಮೀಸಲಾತಿ ಇದ್ದವರಿಗೆ 50. ಆಮೇಲೆ ನೆಟ್ (ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬೇಕು. ಅದರಲ್ಲಿ ಸಂಗೀತಕ್ಕೆ ಬೇರೆಯೇ ಪತ್ರಿಕೆ ಇದೆ, ವಿಷಯ ಸಂಖ್ಯೆ 16. ಮತಂಗನ ಬೃಹದ್ದೇಶಿ, ಶಾರ್ಙ್ಗದೇವನ ಸಂಗೀತ ರತ್ನಾಕರದಂಥ ಹಳೆಯ ಶಾಸ್ತ್ರಗ್ರಂಥಗಳೆಲ್ಲ ಅಲ್ಲಿ ಬರುತ್ತವೆ, ತಂಬೂರಿ ಹಿಡಿದು ಕೂತರೆ ಆಗುವುದಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ: ಒಂದು ಡಿಗ್ರಿ, ಹೆಸರಾಂತ ಗುರುಗಳ ಹತ್ತಿರ ಕಲಿಕೆ, ಆಕಾಶವಾಣಿ ಅಥವಾ ದೂರದರ್ಶನ ಕಲಾವಿದರಿಗೆ ಕೊಡುವ 'ಎ' ದರ್ಜೆ. ಆದರೆ ಆ ದಾರಿಯಲ್ಲೂ ವಿಷಯವನ್ನು ಕಾರಣ ಕೊಟ್ಟು ವಿವರಿಸಲು ಬರಬೇಕು ಅಂತ ಬರೆದಿದ್ದಾರೆ ನೋಡಿ. ಮತ್ತದೇ ದೇಶಕಾರ್. ಅಲ್ಲದೆ 'ಬಿ', 'ಬಿ ಹೈ' ದಾಟಿ 'ಎ'ಗೆ ಬರುವಷ್ಟರಲ್ಲಿ ಕೆಲವರ ಕೂದಲು ನೆರೆತಿರುತ್ತದೆ.

ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ವಿಭಾಗದ ಸಂಗೀತ ಶಿಕ್ಷಕರ ಹುದ್ದೆಗೆ ಎಂಎ ಕೇಳುವುದಿಲ್ಲ, ಸಂಗೀತದ ಪದವಿ ಕೇಳುತ್ತಾರೆ. ವಿಶಾರದವನ್ನು ಪದವಿಗೆ ಸಮ ಅಂತ ಎಲ್ಲ ಕಡೆ ಒಪ್ಪುವುದಿಲ್ಲ. ಬಿಕಾಂ ಜೊತೆ ವಿಶಾರದ ಇದ್ದರೆ ಎಂಎಗೆ ಸೇರಿಸಿಕೊಳ್ಳುತ್ತಾರಾ ಎಂಬುದೂ ಒಂದೊಂದು ಕಡೆ ಒಂದೊಂದು ಥರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ಎರಡರದ್ದೂ ಈ ವರ್ಷದ ಪ್ರವೇಶ ಸೂಚನೆ ಓದಿಯೇ ಸೊಸೈಟಿಗೆ ರಾಜೀನಾಮೆ ಕೊಡಿ. (ಗಂಗೂಬಾಯಿಯವರು ಓದಿದ್ದು ಪ್ರಾಥಮಿಕ ಶಾಲೆಯಷ್ಟೇ. ಅಪ್ಪನಿಗೆ ಮಾತ್ರ ಇದನ್ನು ಹೇಳಬೇಡಿ!)

ಕಲಿಸುವ ಕೆಲಸ ಇನ್ನೂ ಬೇರೆ. ಎಂಎ ಮುಗಿಸಿ ಬಂದ ವರ್ಷ ನನ್ನ ಜಗಲಿಗೆ ಆರು ಮಕ್ಕಳು ಬಂದರು. ಹಾರ್ಮೋನಿಯಂನಲ್ಲಿ ನನ್ನ ಅಭ್ಯಾಸದ ಶ್ರುತಿಯಾದ ಕಪ್ಪು ನಾಲ್ಕು (ನಾಲ್ಕನೇ ಕಪ್ಪು ಮನೆ) ಒತ್ತಿ ಎಲ್ಲರಿಗೂ 'ಸಾ' ಹಾಕಿಸಿದೆ. ಹದಿಮೂರರ ಒಬ್ಬ ಹುಡುಗನಿಗೆ ಧ್ವನಿ ಒಡೆಯುವ ಕಾಲ. ಮೇಲೆ ಹೋದರೆ ಕೀಚಲು, ಕೆಳಗೆ ಬಂದರೆ ಬರೀ ಗಾಳಿ. ಉಳಿದವರು ನಕ್ಕರು. ನಾನು 'ಗಮನ ಕೊಡು' ಅಂದೆ. ಮೂರನೇ ವಾರ ಅವನು ಬರಲಿಲ್ಲ. ಅವನ 'ಸಾ' ಎಲ್ಲಿದೆ ಅಂತ ನಾನು ಹುಡುಕಿರಲೇ ಇಲ್ಲ. ಈಗ ಹೊಸಬರು ಬಂದರೆ ಮೊದಲ ದಿನ ಹಾರ್ಮೋನಿಯಂ ಪೆಟ್ಟಿಗೆ ತೆರೆಯುವುದಿಲ್ಲ. ಮಾತಾಡಿಸುತ್ತೇನೆ, ಒಂದು ಭಜನೆ ಹೇಳಿಸುತ್ತೇನೆ, ಅವರು ತಾವಾಗಿ ಹಿಡಿದ ಶ್ರುತಿ ಯಾವುದೆಂದು ಆಮೇಲೆ ನೋಡುತ್ತೇನೆ.

ಹಾಗಾಗಿ ಎಂಎಗೆ ಅರ್ಜಿ ಹಾಕುವ ಮೊದಲು ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ನಾಲ್ಕು ತಿಂಗಳು ಭೂಪ್ ಕಲಿಸಿ ನೋಡಿ. ಬೇಸರ ಬಂದರೆ ಹಾಡುಗಾರ್ತಿಯಾಗಿಯೇ ಇರಿ, ಅದರಲ್ಲಿ ತಪ್ಪೇನಿಲ್ಲ. ಇನ್ನು ಗುರುಗಳು. ಅವರು ಸುಮ್ಮನಿದ್ದಾರೆ ಅಂತ ನೀವೂ ಸುಮ್ಮನಿರಬೇಡಿ. ಪಾಠ ಮುಗಿದ ಮೇಲೆ ಕೂತು ಕೇಳಿ.

ಪ್ರಶ್ನೆ: ಹೊನ್ನಾವರದ ಕಡೆ ಯಕ್ಷಗಾನದಲ್ಲಿ ಭಾಗವತಿಕೆ ಮಾಡುತ್ತೇನೆ. ನಾನೂ ಸಂಗೀತದಲ್ಲಿ ಎಂಎ ಮಾಡಬಹುದಾ?
– ಓದುಗ, ಹೊನ್ನಾವರ

ಉತ್ತರ: ಡಿಗ್ರಿ ಇದ್ದರೆ ಮತ್ತು ಪ್ರವೇಶಕ್ಕೆ ಬೇಕಾದಷ್ಟು ಶಾಸ್ತ್ರೀಯ ಪಾಠ ಆಗಿದ್ದರೆ ಮಾಡಬಹುದು ತಮ್ಮಾ. ಎತ್ತರದ ಶ್ರುತಿ, ಗಟ್ಟಿ ಗಂಟಲು ನಿಮಗೆ ಇದ್ದೇ ಇರುತ್ತದೆ. ತೊಂದರೆ ಬರುವುದು ನಿಧಾನದಲ್ಲಿ. ಚಂಡೆ ಮದ್ದಳೆಯ ಓಟಕ್ಕೆ ಒಗ್ಗಿದ ಕೈಗೆ ವಿಲಂಬಿತ (ತೀರಾ ನಿಧಾನದ) ಏಕತಾಲದ 12 ಮಾತ್ರೆ, ಅಂದರೆ ಎಣಿಕೆ, ಮುಗಿಯುವುದೇ ಇಲ್ಲ ಅನಿಸುತ್ತದೆ. ಮಳೆಗಾಲದಲ್ಲಿ ಮೇಳ ಹೊರಡುವುದಿಲ್ಲವಲ್ಲ, ಆಗ ಒಬ್ಬ ತಬಲಾದವರನ್ನು ಹಿಡಿದು ಅದನ್ನೇ ಎಣಿಸಿ.